ಆಕ್ಸಿಡೆಂಟ್ ಕ್ಲೈಮ್: ಗುದ್ದಿದ ಗಾಡಿ ಯಾರದ್ದು ಅಂತ ಹಿಡಿಯೋದು ಹೇಗೆ, ಆರು ತಿಂಗಳ ಗಡುವು ತಪ್ಪಿಸ್ಕೊಳ್ಳದೆ ಇರೋದು ಹೇಗೆ

ಆಕ್ಸಿಡೆಂಟ್ ಆದ್ಮೇಲೆ ಪರಿಹಾರಕ್ಕೆ ಅರ್ಜಿ ಹಾಕೋರು ಸಾಮಾನ್ಯವಾಗಿ ಎರಡು ಜಾಗದಲ್ಲಿ ಎಡವ್ತಾರೆ. ಒಂದು, ಯಾರ ಮೇಲೆ ಹಾಕ್ಬೇಕೋ ಅವರನ್ನ ಬಿಟ್ಟು ಇನ್ಯಾರ ಮೇಲೋ ಹಾಕಿಬಿಡ್ತಾರೆ. ಇನ್ನೊಂದು, ಸರಿಯಾದ ಓನರ್ ಹೆಸರು ಸಿಗ್ಲಿ, ಪೊಲೀಸರು ಚಾರ್ಜ್‌ಶೀಟ್ ಹಾಕ್ಲಿ, ಆಮೇಲೆ ನೋಡೋಣ ಅಂತ ಕಾಯ್ತಾ ಕೂತು ಟೈಮ್ ಕಳ್ಕೊಳ್ತಾರೆ. ನನ್ನ ಕೇಳಿದ್ರೆ ಎರಡನೇದೇ ಹೆಚ್ಚು ಡೇಂಜರ್, ಯಾಕಂದ್ರೆ ತಪ್ಪು ಹೆಸರು ಸರಿ ಮಾಡಕ್ಕೆ ಕೋರ್ಟಲ್ಲಿ ದಾರಿ ಇದೆ, ತಡ ಆಗಿದ್ದನ್ನ ಮನ್ನಿಸೋಕೆ ಕಾನೂನಲ್ಲಿ ಈಗ ಅಂಥ ದಾರಿ ಬರೆದಿಲ್ಲ. ಹಾಗಾಗಿ ಇಲ್ಲಿ ಹೇಳ್ತಿರೋದೆಲ್ಲ ಒಂದೇ ಲೆಕ್ಕದ ಮೇಲೆ ನಿಂತಿದೆ: ಕೈಯಲ್ಲಿರೋ ಪೇಪರ್ ಏನು ಹೇಳತ್ತೋ ಅದರ ಪ್ರಕಾರ ಟೈಮ್ ಒಳಗೆ ಅರ್ಜಿ ಹಾಕಿ, ಹೆಸರು ಆಮೇಲೆ ತಿದ್ದಿ.

ಗಡುವು ಏನು, ಎಲ್ಲಿಂದ ಎಣಿಸೋದು

1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಕೆಳಗೆ ಕ್ಲೈಮ್ ಹಾಕೋದು, ಇದನ್ನೇ ಎಲ್ಲರೂ ಎಂವಿಸಿ ಕೇಸ್ ಅಂತಾರೆ. ಕಾಯ್ದೆ ಬಂದಾಗ ಆರು ತಿಂಗಳ ಗಡುವಿತ್ತು, ಸರಿಯಾದ ಕಾರಣ ತೋರಿಸಿದ್ರೆ ಒಂದು ವರ್ಷದ ತನಕ ತಗೊಳ್ತಿದ್ರು. 1994ರ ತಿದ್ದುಪಡಿಲಿ ಆ ಗಡುವನ್ನೇ ತೆಗೆದು ಹಾಕಿದ್ರು. ಅದಕ್ಕೇ ಹಳೇ ತಲೆಗಳು "ಅಯ್ಯೋ ಎಂವಿಸಿಗೆ ಲಿಮಿಟೇಶನ್ ಇಲ್ಲ ಬಿಡಿ, ನಿಧಾನಕ್ಕೆ ಹಾಕೋಣ" ಅಂತ ಇವತ್ತಿಗೂ ಹೇಳ್ತಾರೆ, ಅವರ ಮಾತು ನಂಬ್ಬೇಡಿ. 2019ರ ತಿದ್ದುಪಡಿ ಆರು ತಿಂಗಳನ್ನ ವಾಪಸ್ ತಂದಿದೆ, 2022ರ ಏಪ್ರಿಲ್ 1ರಿಂದ ಜಾರಿಲಿದೆ, ಮತ್ತೆ ಈ ಸಲ ತಡವಾದ್ರೆ ಮನ್ನಿಸಬಹುದು ಅನ್ನೋ ಸಾಲೇ ಅದರಲ್ಲಿಲ್ಲ.

ಎಣಿಕೆ ಶುರುವಾಗೋದು ಆಕ್ಸಿಡೆಂಟ್ ಆದ ದಿನದಿಂದ. ಎಫ್‌ಐಆರ್ ಆದ ದಿನದಿಂದ ಅಲ್ಲ, ಡಿಸ್ಚಾರ್ಜ್ ಆದ ದಿನದಿಂದ ಅಲ್ಲ, ಓನರ್ ಯಾರು ಅಂತ ಗೊತ್ತಾದ ದಿನದಿಂದಲೂ ಅಲ್ಲ. ಗಾಯಗೊಂಡೋರು ಎರಡು ತಿಂಗಳು ಐಸಿಯುಲಿದ್ದು ತೀರ್ಕೊಂಡ್ರು ಅಂದ್ಕೊಳ್ಳಿ, ಸೆಕ್ಷನ್‌ನಲ್ಲಿ ಬರೆದಿರೋದು ಅಪಘಾತ ನಡೆದ ದಿನ ಅಂತ, ಹಾಗಾಗಿ ಮನೆಯವರ ಕೈಲಿ ಉಳಿಯೋದು ನಾಲ್ಕೇ ತಿಂಗಳು ಅಂತ ಲೆಕ್ಕ ಹಾಕ್ಕೊಳ್ಳೋದು ಸೇಫ್. ಬೇಸಿಗೆ ರಜೆ, ದಸರಾ ರಜೆ ಮಧ್ಯ ಕೊನೇ ದಿನ ಬಂದ್ರೆ ಇನ್ನೂ ಕಿರಿಕಿರಿ, ಅದಕ್ಕೆ ಐದನೇ ತಿಂಗಳನ್ನೇ ಕೊನೇ ತಿಂಗಳು ಅಂತ ಕ್ಯಾಲೆಂಡರಲ್ಲಿ ಗುರುತು ಹಾಕಿ.

ಈ ಆರು ತಿಂಗಳ ನಿಯಮದ ಮೇಲೇ ಸುಪ್ರೀಂ ಕೋರ್ಟಲ್ಲಿ ಕೇಸ್ ನಡೀತಿದೆ. ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಕ್ಲೈಮ್‌ಗಳನ್ನ ವಜಾ ಮಾಡ್ಬೇಡಿ ಅಂತ 2025ರ ನವೆಂಬರ್‌ನಲ್ಲಿ ಕೋರ್ಟ್ ಮಧ್ಯಂತರ ಆದೇಶ ಕೊಡ್ತು. ಹಾಗಾಗಿ ನಿಮ್ದು ಈಗಾಗ್ಲೇ ಆರು ತಿಂಗಳು ದಾಟಿದ್ರೆ ಕೈಚೆಲ್ಲಿ ಕೂರ್ಬೇಡಿ, ಇವತ್ತೇ ಲಾಯರ್ ಹತ್ರ ಹೋಗಿ. ಆದ್ರೆ ಅದು ಮಧ್ಯಂತರ ಆದೇಶ, ಅದನ್ನ ನಂಬ್ಕೊಂಡು ಬೇಕಂತಲೇ ತಡ ಮಾಡೋದು ಮಾತ್ರ ಹುಚ್ಚುತನ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪೊಲೀಸರೇ ಟ್ರಿಬ್ಯುನಲ್‌ಗೆ, ಅಂದ್ರೆ ಈ ಕ್ಲೈಮ್‌ಗಳನ್ನ ನೋಡೋ ಕೋರ್ಟಿಗೆ, ವರದಿ ಕಳಿಸ್ಬೇಕು ಅಂತ ಇದೆ, 48 ಗಂಟೆಲಿ ಮೊದಲ ವರದಿ, 50 ದಿನಕ್ಕೆ ಮಧ್ಯಂತರ ವರದಿ, 90 ದಿನಕ್ಕೆ ವಿವರವಾದ ವರದಿ. ಆ ವರದಿಯನ್ನೇ ಕ್ಲೈಮ್ ಅರ್ಜಿ ಅಂತ ತಗೋಬೇಕು ಅಂತ 166ರ ನಾಲ್ಕನೇ ಉಪಸೆಕ್ಷನ್ ಹೇಳತ್ತೆ, 2022ರ ಡಿಸೆಂಬರ್‌ನಲ್ಲಿ ಗೊಹರ್ ಮೊಹಮ್ಮದ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಕಟ್ಟುನಿಟ್ಟಾಗಿ ಮಾಡಿ ಅಂತ ಎಲ್ಲಾ ರಾಜ್ಯಗಳಿಗೂ ಹೇಳಿದೆ. ಸ್ಟೇಷನ್‌ನಲ್ಲಿ ಕೇಳಿ, ವರದಿ ಹೋಗಿದ್ಯಾ, ಯಾವ ಕೋರ್ಟಿಗೆ ಹೋಗಿದೆ, ಅದರಲ್ಲಿ ಯಾವ ಗಾಡಿ ಯಾವ ಓನರ್ ಅಂತ ಬರೆದಿದ್ದಾರೆ ಅಂತ. ಹೋಗಿದೆ ಅಂದ್ರೂ ನಿಮ್ಮ ಅರ್ಜಿ ನೀವು ಹಾಕಿ.

ಓನರ್ ಅಂದ್ರೆ ಯಾರು

ಜಾಗದಲ್ಲಿ ಇಳಿದು ಬಂದು "ಗಾಡಿ ನಂದೇ, ಆಸ್ಪತ್ರೆ ಖರ್ಚು ನಾನು ನೋಡ್ಕೋತೀನಿ" ಅಂದವನು ಓನರ್ ಅಂತ ಜನ ಅಂದ್ಕೊಳ್ತಾರೆ. ಕಾನೂನು ನೋಡೋದು ಆರ್‌ಸಿನ. ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ಬರೆದಿರೋ ಪ್ರಕಾರ ಯಾರ ಹೆಸರಲ್ಲಿ ಗಾಡಿ ರಿಜಿಸ್ಟರ್ ಆಗಿದ್ಯೋ ಅವರೇ ಮಾಲೀಕರು. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಇದೇ ದೊಡ್ಡ ಗೋಜಲು. ಮಂಡ್ಯದವರೊಬ್ಬರು ಕಾರನ್ನ ಮದ್ದೂರಿನವರಿಗೆ ಮಾರಿ, ಅವರು ಚನ್ನಪಟ್ಟಣದವರಿಗೆ ಮಾರಿ, ಓನರ್ ಹೆಸರು ಬದಲಾಯಿಸೋ ಫಾರಂ 29, 30 ಎಲ್ಲಾ ಸೈನ್ ಮಾಡಿ ಡ್ಯಾಶ್‌ಬೋರ್ಡ್ ಒಳಗೇ ಇಟ್ಕೊಂಡು ಓಡಾಡ್ತಿರ್ತಾರೆ, ಆರ್‌ಟಿಓಗೆ ಮಾತ್ರ ಯಾರೂ ಕೊಟ್ಟಿರಲ್ಲ. ಇಂಥದ್ದೇ ಕೇಸಲ್ಲಿ, ನವೀನ್ ಕುಮಾರ್ ವರ್ಸಸ್ ವಿಜಯ್ ಕುಮಾರ್ ಅಂತ, 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಆರ್‌ಸಿಲಿ ಹೆಸರು ಇರೋ ಮೊದಲಿನವರೇ ಜವಾಬ್ದಾರಿ ಹೊರಬೇಕು, ಪೆಟ್ಟು ತಿಂದವರು ಗಾಡಿ ಕೈಬದಲಾದ ಸರಪಳಿ ಹುಡುಕ್ಕೊಂಡು ಅಲೆಯೋ ಹಾಗಾಗಬಾರದು ಅಂತ. ಆದ್ರಿಂದ ಆರ್‌ಸಿ ಓನರ್ ಮೊದಲ ಎದುರುದಾರ. ಈಗ ಗಾಡಿ ಇಟ್ಕೊಂಡಿರೋರು ಗೊತ್ತಿದ್ರೆ ಅವರೂ ಇರಲಿ, ಓಡಿಸ್ತಿದ್ದ ಡ್ರೈವರ್ ಹೆಸರು ಗೊತ್ತಿದ್ರೆ ಅವನೂ ಇರಲಿ. ಹೆಚ್ಚು ಜನ ಸೇರಿಸಿದ್ರೆ ಕೇಸ್ ಬೀಳಲ್ಲ, ಬೇಕಾದವರನ್ನ ಬಿಟ್ರೆ ಮಾತ್ರ ತೊಂದರೆ.

ಇನ್ಶೂರೆನ್ಸ್ ಹಳೇ ಓನರ್ ಹೆಸರಲ್ಲೇ ಇದೆ, ಗಾಡಿ ಹೊಸಬರದ್ದು, ದುಡ್ಡು ಬರಲ್ವೇನೋ ಅಂತ ಹೆದರ್ಬೇಡಿ. 157ನೇ ಸೆಕ್ಷನ್ ಪ್ರಕಾರ ಗಾಡಿ ಜೊತೆಗೇ ಪಾಲಿಸಿನೂ ಹೊಸಬರಿಗೆ ವರ್ಗ ಆದ ಹಾಗೇ ಲೆಕ್ಕ. ಸಾಲ ಇರೋ ಗಾಡಿ ಆದ್ರೆ ಆರ್‌ಸಿಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರೂ ಕಾಣತ್ತೆ, ಅದನ್ನ ನೋಡಿ ಬ್ಯಾಂಕನ್ನೇ ಓನರ್ ಅಂದ್ಕೊಂಡು ಹಾಕೋರೂ ಇದ್ದಾರೆ, ಸಾಲದ ಒಪ್ಪಂದದ ಮೇಲೆ ಗಾಡಿ ಯಾರ ಕೈಲಿದ್ಯೋ ಅವರೇ ಮಾಲೀಕರು ಅಂತ ಕಾಯ್ದೆನೇ ಹೇಳತ್ತೆ.

ನಂಬರ್ ಪಕ್ಕಾ ಮಾಡ್ಕೊಳ್ಳೋದು

ತಪ್ಪು ಜನರ ಮೇಲೆ ಕೇಸ್ ಹೋಗೋದು ಹೆಚ್ಚಿನ ಸಲ ಒಂದು ಅಂಕಿ ಅಥವಾ ಒಂದು ಅಕ್ಷರದಿಂದ. ಕೆಎ 09 ಅಂದ್ರೆ ಮೈಸೂರು, ಕೆಎ 19 ಅಂದ್ರೆ ಮಂಗಳೂರು, ಕತ್ತಲಲ್ಲಿ ನೋಡಿದವರು ಒಂದನ್ನ ಇನ್ನೊಂದು ಅಂತ ಹೇಳಿರ್ತಾರೆ, ಅದೇ ದೂರಲ್ಲಿ ಬರ್ಕೊಂಡಿರ್ತಾರೆ, ಅದೇ ಎಫ್‌ಐಆರ್‌ಗೆ ಹೋಗತ್ತೆ, ಅಲ್ಲಿಂದ ಕ್ಲೈಮ್ ಪಿಟಿಷನ್‌ಗೆ. ಆಮೇಲೆ ಮಂಗಳೂರಲ್ಲಿ ಯಾರೋ ಪಾಪದವರ ಮನೆಗೆ ನೋಟಿಸ್ ಹೋಗಿ ಅವರು "ನಮ್ಮ ಸ್ಕೂಟರ್ ಆ ಕಡೆ ಬಂದೇ ಇಲ್ವಲ್ಲಾ ಸ್ವಾಮಿ" ಅಂತ ವಕಾಲತ್ತು ಹಾಕ್ತಾರೆ. ಹಾಗಾಗಿ ಒಂದು ಪೇಪರ್ ನಂಬ್ಬೇಡಿ, ಕನಿಷ್ಠ ಮೂರು ಪಕ್ಕಪಕ್ಕ ಇಟ್ಟು ನೋಡಿ.

ಎಫ್‌ಐಆರ್ ಕರ್ನಾಟಕ ಪೊಲೀಸ್ ವೆಬ್‌ಸೈಟಲ್ಲಿ ಸಿಗತ್ತೆ, ಇಲ್ಲಾಂದ್ರೆ ಸ್ಟೇಷನ್‌ನಲ್ಲಿ ಕಾಪಿ ಕೊಡ್ತಾರೆ. ಅದಕ್ಕಿಂತ ಮುಖ್ಯ ಐಎಂವಿ ರಿಪೋರ್ಟ್, ಅಂದ್ರೆ ಆರ್‌ಟಿಓ ಇನ್ಸ್‌ಪೆಕ್ಟರ್ ಬಂದು ಸೀಜ್ ಆದ ಗಾಡಿ ನೋಡಿ ಬರೆಯೋದು. ಇದನ್ನ ಸುಮ್ನೆ ಫೈಲಿಗೆ ಸೇರಿಸಿ ಬಿಡ್ತಾರೆ, ಓದಲ್ಲ. ಓದಿ. ಮೇಲ್ಗಡೆ ರಿಜಿಸ್ಟ್ರೇಶನ್ ನಂಬರ್, ಇಂಜಿನ್ ನಂಬರ್, ಚಾಸಿಸ್ ನಂಬರ್ ಇರತ್ತೆ, ಕೆಳಗಡೆ ಏನೇನು ಡ್ಯಾಮೇಜ್ ಅಂತ ಸಾಲಾಗಿ ಬರೆದಿರ್ತಾರೆ: ಮುಂದಿನ ಬಂಪರ್ ಎಡಗಡೆ ಒಳಗೆ ಹೋಗಿದೆ, ಎಡಗಡೆ ಹೆಡ್‌ಲೈಟ್ ಒಡೆದಿದೆ, ಬಾನೆಟ್ ಮೇಲೆ ಗೀರು, ಬ್ರೇಕ್ ಸರಿಯಾಗಿದೆ, ಹೀಗೆ. ಚಾಸಿಸ್ ನಂಬರ್ ಹದಿನೇಳು ಅಕ್ಷರ ಅಂಕಿ ಸೇರಿ, ಅದರ ಕೊನೇ ಐದನ್ನ ಬೆರಳಿಟ್ಟು ಆರ್‌ಸಿ ಜೊತೆ ಮತ್ತೆ ಪಾಲಿಸಿ ಜೊತೆ ಹೋಲಿಸಿ. ಮೂರೂ ಒಂದೇ ಬಂದ್ರೆ ಗಾಡಿ ಅದೇ. ಆರ್‌ಸಿಲಿ ಬೇರೆ, ಗಾಡಿ ಮೇಲೆ ಬೇರೆ ಅಂದ್ರೆ ನಂಬರ್ ಪ್ಲೇಟ್ ನಕಲಿ ಇರಬಹುದು ಇಲ್ಲಾ ಟೈಪಿಂಗ್ ತಪ್ಪಿರಬಹುದು, ಏನೇ ಇದ್ರೂ ಅರ್ಜಿ ಹಾಕೋ ಮುಂಚೆನೇ ಗೊತ್ತಾಗ್ಲಿ. ಡ್ಯಾಮೇಜ್ ಸಾಲುಗಳನ್ನೂ ಸ್ಪಾಟ್ ಮಹಜರ್, ಅಂದ್ರೆ ಪೊಲೀಸರು ಜಾಗ ನೋಡಿ ಬರೆದಿದ್ದರ ಜೊತೆ ಇಟ್ಟು ನೋಡಿ. ನಿಮ್ಮವರ ಬೈಕ್‌ಗೆ ಬಲಗಡೆ ಹಿಂದಿನಿಂದ ಗುದ್ದಿದ್ರೆ ಆ ಕಾರಿಗೆ ಹಿಂದಿನ ಡಿಕ್ಕಿ ನಜ್ಜುಗುಜ್ಜಾಗಿರಕ್ಕೆ ಹೇಗೆ ಸಾಧ್ಯ, ಇದನ್ನ ನೀವು ಕೇಳದಿದ್ರೆ ನಾಳೆ ಇನ್ಶೂರೆನ್ಸ್ ಲಾಯರ್ ಕ್ರಾಸ್‌ನಲ್ಲಿ, ಅಂದ್ರೆ ಪಾಟಿ ಸವಾಲಲ್ಲಿ, ಕೇಳ್ತಾರೆ.

ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿದ್ರೆ ಗಾಡಿ ಮಾಡೆಲ್, ಯಾವ ಆರ್‌ಟಿಓ, ಇನ್ಶೂರೆನ್ಸ್ ಎಲ್ಲಿ ತನಕ ಇದೆ ಅಂತ ಬರತ್ತೆ, ಆದ್ರೆ ಓನರ್ ಹೆಸರು ಅರ್ಧ ನಕ್ಷತ್ರ ಹಾಕಿ ಮುಚ್ಚಿರ್ತಾರೆ. ಪೂರ್ತಿ ಹೆಸರು ಅಡ್ರೆಸ್ ಬೇಕಂದ್ರೆ 160ನೇ ಸೆಕ್ಷನ್ ಹೆಸರು ಹೇಳಿ ಆರ್‌ಟಿಓಗೋ ಸ್ಟೇಷನ್‌ಗೋ ಅರ್ಜಿ ಕೊಡಿ, ಪರಿಹಾರ ಕೇಳೋ ಹಕ್ಕಿರೋರು ಕೇಳಿದ್ರೆ ಗಾಡಿ ವಿವರ ಕೊಡೋದು ಅವರ ಕರ್ತವ್ಯ. ಯಾರು ಓಡಿಸ್ತಿದ್ರು ಅನ್ನೋದನ್ನ ಪೊಲೀಸರು 133 ನೋಟಿಸ್ ಕೊಟ್ಟು ಓನರ್ ಹತ್ರ ಬರೆಸ್ಕೊಂಡಿರ್ತಾರೆ, ಆ ಉತ್ತರದ ಕಾಪಿನೂ ತಗೊಳ್ಳಿ. ಲೈಸೆನ್ಸ್ ಇಲ್ಲದ ಮಗ ಓಡಿಸಿ ಅಪ್ಪನೇ ಓಡಿಸ್ತಿದ್ದ ಅಂತ ಬರೆದುಕೊಡೋ ಕಥೆಗಳು ಇಲ್ಲೇ ಹುಟ್ಟೋದು.

ಪಾಲಿಸಿಲಿ ತಾರೀಖು ಮಾತ್ರ ಅಲ್ಲ, ಗಂಟೆನೂ ನೋಡಿ. ಬೆಳಗ್ಗೆ ಆಕ್ಸಿಡೆಂಟ್, ಪಾಲಿಸಿ ಶುರು ಅದೇ ದಿನ ಮಧ್ಯಾಹ್ನ ಅಂತಿದ್ರೆ ಆ ಕಂಪನಿ ದುಡ್ಡು ಕಟ್ಟಲ್ಲ ಅನ್ನತ್ತೆ, ಓನರ್ ಮೇಲೇ ಹೊರೆ ಬೀಳತ್ತೆ. ಹಿಂದಿನ ಪಾಲಿಸಿ ಬೇರೆ ಕಂಪನಿದಿತ್ತಾ ಅಂತಲೂ ಕೇಳಿ. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ನ್ಯಾಷನಲ್, ಓರಿಯಂಟಲ್, ಹೆಸರುಗಳು ಅವಸರದಲ್ಲಿ ಅದಲುಬದಲು ಆಗತ್ತೆ, ಪಾಲಿಸಿ ಕಾಪಿ ನೋಡಿಯೇ ಟೈಪ್ ಮಾಡಿಸಿ.

ಜನ ಹೆಚ್ಚು ತಪ್ಪು ಮಾಡೋ ಗಾಡಿಗಳು

ಸರ್ಕಾರಿ ಬಸ್ ಅಂದ್ರೆ ಎಲ್ಲರ ಬಾಯಲ್ಲೂ ಕೆಎಸ್‌ಆರ್‌ಟಿಸಿ. ಆದ್ರೆ ನಿಗಮ ನಾಲ್ಕಿದೆ: ಕೆಎಸ್‌ಆರ್‌ಟಿಸಿ, ಬೆಂಗಳೂರಿನ ಬಿಎಂಟಿಸಿ, ಹುಬ್ಬಳ್ಳಿ ಕಡೆ ವಾಯವ್ಯ, ಕಲಬುರಗಿ ಕಡೆ ಕಲ್ಯಾಣ ಕರ್ನಾಟಕ. ನಾಲ್ಕೂ ಬೇರೆಬೇರೆ ಸಂಸ್ಥೆ, ಒಂದರ ಬಸ್ಸಿಗೆ ಇನ್ನೊಂದು ದುಡ್ಡು ಕೊಡಲ್ಲ. ಬೆಂಗಳೂರಲ್ಲಿ ಮೆಜೆಸ್ಟಿಕ್ ಹತ್ರ ಗುದ್ದಿದ ಬಸ್ಸು ಹುಬ್ಬಳ್ಳಿ ಡಿಪೋದು ಇರಬಹುದು, ಬಸ್ ಮೇಲೆ ಬರೆದಿರೋ ನಿಗಮದ ಹೆಸರು, ಡಿಪೋ ಹೆಸರು ಫೋಟೋ ತೆಗೀರಿ. ಈ ನಿಗಮಗಳ ಸ್ವಂತ ಬಸ್ಸಿಗೆ ಹೆಚ್ಚಾಗಿ ಹೊರಗಿನ ಇನ್ಶೂರೆನ್ಸ್ ಇರಲ್ಲ, ಅವರದ್ದೇ ಆಂತರಿಕ ನಿಧಿ ಇರತ್ತೆ, ಹಾಗಾಗಿ ನಿಗಮವನ್ನೇ ಎಂಡಿ ಮೂಲಕ ಎದುರುದಾರ ಮಾಡೋದು. ಬಿಎಂಟಿಸಿ ಎಲೆಕ್ಟ್ರಿಕ್ ಬಸ್ ಆದ್ರೆ ಕಥೆನೇ ಬೇರೆ, ಕಂಡಕ್ಟರ್ ಬಿಎಂಟಿಸಿಯವರು, ಡ್ರೈವರ್ ಮತ್ತೆ ಬಸ್ಸು ಗುತ್ತಿಗೆ ತಗೊಂಡ ಖಾಸಗಿ ಕಂಪನಿದು. ಅಲ್ಲಿ ಕಂಪನಿ, ಅದರ ಇನ್ಶೂರೆನ್ಸ್, ಬಿಎಂಟಿಸಿ ಮೂರನ್ನೂ ಸೇರಿಸಿ, ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸೋದನ್ನ ಟ್ರಿಬ್ಯುನಲ್ಲೇ ನೋಡ್ಕೊಳ್ಳಲಿ.

ಟ್ರ್ಯಾಕ್ಟರ್! ಕಬ್ಬಿನ ಸೀಸನ್‌ನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ರೋಡಲ್ಲಿ ಓಡಾಡಿದವರಿಗೆ ಗೊತ್ತು. ಇಂಜಿನ್‌ಗೆ ಒಂದು ನಂಬರ್, ಟ್ರೈಲರ್‌ಗೆ ಇನ್ನೊಂದು ನಂಬರ್, ಎರಡಕ್ಕೂ ಓನರ್ ಬೇರೆ ಇರಬಹುದು, ಇನ್ಶೂರೆನ್ಸ್ ಒಂದಕ್ಕಿದ್ದು ಇನ್ನೊಂದಕ್ಕೆ ಇಲ್ಲದೇ ಇರಬಹುದು. ಬರೀ ಟ್ರ್ಯಾಕ್ಟರ್ ನಂಬರ್ ಹಾಕಿ ಟ್ರೈಲರ್ ಬಿಟ್ರೆ ವಾದಕ್ಕೆ ಜಾಗ ಕೊಟ್ಟ ಹಾಗೆ. ಎರಡೂ ಹಾಕಿ.

ಆ್ಯಪ್ ಟ್ಯಾಕ್ಸಿಲಿ ಓನರ್ ಅಂದ್ರೆ ಆ್ಯಪ್ ಕಂಪನಿ ಅಲ್ಲ, ಹಳದಿ ಬೋರ್ಡ್ ಕಾರಿನ ಆರ್‌ಸಿ ಯಾರ ಹೆಸರಲ್ಲಿದ್ಯೋ ಅವರು, ಡ್ರೈವರ್ ಲೀಸಿಗೆ ತಗೊಂಡು ಓಡಿಸ್ತಿರಬಹುದು. ಟ್ರಾವೆಲ್ಸ್ ಹೆಸರಲ್ಲಿ ಆರ್‌ಸಿ ಇದ್ರೆ ಅದು ಕಂಪನಿನಾ, ಪಾಲುದಾರಿಕೆನಾ, ಒಬ್ಬರದ್ದೇ ಅಂಗಡಿನಾ ನೋಡಿ, ಒಬ್ಬರದ್ದೇ ಆದ್ರೆ ಆ ವ್ಯಕ್ತಿಯ ಹೆಸರೇ ಬೇಕು. ಸರ್ಕಾರಿ ಜೀಪು, ಜಿ ಸೀರೀಸ್ ಗಾಡಿ ಅಂದ್ರೆ ಯಾವ ಇಲಾಖೆದು ಅಂತ ಹಿಡೀಬೇಕು.

ಎರಡು ಗಾಡಿ ಸೇರಿ ನಿಮ್ಮವರಿಗೆ ಪೆಟ್ಟಾಗಿ, ಒಂದು ಓಡಿಹೋಗಿ ಒಂದೇ ಸಿಕ್ಕಿದೆ ಅಂದ್ರೂ ಚಿಂತೆ ಬೇಡ. ಖೇನ್ಯೇಯ್ ಕೇಸಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಇಬ್ಬರ ತಪ್ಪಿಂದ ಮೂರನೆಯವರಿಗೆ ಪೆಟ್ಟಾದ್ರೆ ಅವರು ಇಬ್ಬರಲ್ಲಿ ಯಾರ ಹತ್ರ ಬೇಕಾದ್ರೂ ಪೂರ್ತಿ ಪರಿಹಾರ ಕೇಳಬಹುದು ಅಂತ. ಸಿಕ್ಕಿರೋ ಗಾಡಿ ಮೇಲೆ ಟೈಮಲ್ಲಿ ಹಾಕಿ.

ತಪ್ಪು ಹೆಸರು ಹಾಕಿ ಆಗೋಗಿದೆ, ಈಗೇನು

ಮೊದಲು ತಪ್ಪು ಯಾವ ಥರದ್ದು ನೋಡಿ. ಜನ ಅವರೇ, ಹೆಸರು ಸ್ಪೆಲ್ಲಿಂಗ್, ತಂದೆ ಹೆಸರು, ಡೋರ್ ನಂಬರ್, ಗಾಡಿ ನಂಬರಿನ ಒಂದು ಅಂಕಿ ತಪ್ಪು ಅಂದ್ರೆ ತಿದ್ದುಪಡಿ ಅರ್ಜಿ ಹಾಕಿದ್ರೆ ಸಾಮಾನ್ಯವಾಗಿ ಆಗೋಗತ್ತೆ, ಕೇಸ್ ಮೊದಲು ಹಾಕಿದ ತಾರೀಖಿಗೇ ನಿಲ್ಲತ್ತೆ. ಜನನೇ ಬೇರೆ ಅಂದ್ರೆ ಹೊಸಬರನ್ನ ಸೇರಿಸ್ಬೇಕು, ಇದಕ್ಕೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 1 ರೂಲ್ 10 ಕೆಳಗೆ ಐಎ, ಅಂದ್ರೆ ಮಧ್ಯಂತರ ಅರ್ಜಿ, ಹಾಕ್ತಾರೆ, ಕೋರ್ಟಲ್ಲಿ ಇಂಪ್ಲೀಡಿಂಗ್ ಅಂತಾರೆ. ಇಲ್ಲೇ ಗಡುವು ಮತ್ತೆ ತಲೆ ಎತ್ತೋದು. ಲಿಮಿಟೇಶನ್ ಆಕ್ಟಿನ 21ನೇ ಸೆಕ್ಷನ್ ಸಿವಿಲ್ ದಾವೆಗಳಿಗೆ ಹೇಳೋದು ಏನಂದ್ರೆ, ಹೊಸದಾಗಿ ಸೇರಿದವರ ಮಟ್ಟಿಗೆ ಕೇಸ್ ಶುರುವಾಗಿದ್ದು ಅವರನ್ನ ಸೇರಿಸಿದ ದಿನ, ಆದ್ರೆ ಅವರನ್ನ ಬಿಟ್ಟಿದ್ದು ಒಳ್ಳೇ ನಂಬಿಕೆಯಿಂದ ಆದ ತಪ್ಪು ಅಂತ ಕೋರ್ಟಿಗೆ ಅನ್ನಿಸಿದ್ರೆ ಹಿಂದಿನ ತಾರೀಖಿಂದಲೇ ಅಂತ ಆದೇಶ ಮಾಡಬಹುದು. ಟ್ರಿಬ್ಯುನಲ್‌ನಲ್ಲೂ ವಕೀಲರು ಹಿಡಿಯೋದು ಇದೇ ತತ್ವನ.

ಹಾಗಾಗಿ ಆ ಐಎ ಜೊತೆ ಹಾಕೋ ಅಫಿಡವಿಟ್ಟೇ ಪ್ರಾಣ. "ಕಣ್ತಪ್ಪಿನಿಂದ ಬಿಟ್ಟುಹೋಗಿದೆ" ಅಂತ ಒಂದೇ ಸಾಲು ಟೈಪ್ ಮಾಡಿ ಹಾಕ್ತಾರೆ ನೋಡಿ, ಅದರಿಂದ ಏನೂ ಆಗಲ್ಲ. ಎಫ್‌ಐಆರ್‌ನಲ್ಲಿ ಈ ನಂಬರ್ ಇತ್ತು, ಅದನ್ನ ನಂಬಿ ಇವರ ಮೇಲೆ ಹಾಕಿದ್ವಿ, ಇಂಥ ತಾರೀಖಿಗೆ ಚಾರ್ಜ್‌ಶೀಟ್ ಕಾಪಿ ಸಿಕ್ತು, ಅದರಲ್ಲಿ ನಂಬರ್ ಬೇರೆ ಇತ್ತು, ಇಂಥ ದಿನ ಆರ್‌ಟಿಓದಿಂದ ಬಿ ಎಕ್ಸ್‌ಟ್ರಾಕ್ಟ್ (ಗಾಡಿ ರಿಜಿಸ್ಟ್ರೇಶನ್ ವಿವರದ ಪ್ರತಿ) ತೆಗೆಸಿದ್ವಿ, ಅದಾಗಿ ಇಷ್ಟು ದಿನದಲ್ಲಿ ಈ ಅರ್ಜಿ ಹಾಕ್ತಿದೀವಿ, ಹೀಗೆ ತಾರೀಖು ಸಮೇತ ಬರೀಬೇಕು, ಪ್ರತಿಯೊಂದಕ್ಕೂ ಪೇಪರ್ ಜೊತೆಗಿಡಬೇಕು. ತಪ್ಪು ಗೊತ್ತಾದ್ಮೇಲೆ ನೀವು ಸುಮ್ನೆ ಕೂತ ಪ್ರತಿ ತಿಂಗಳೂ ಎದುರುಗಡೆಯವರಿಗೆ ಲಾಭ. ಆರು ತಿಂಗಳು ಇನ್ನೂ ಉಳಿದಿದ್ರೆ ಇಷ್ಟೆಲ್ಲಾ ವಾದನೇ ಬೇಡ, ಒಳಗೇ ಸೇರಿಸಿಬಿಡಿ.

ಆರ್‌ಸಿ ಓನರ್ ತೀರ್ಕೊಂಡಿದ್ದಾರೆ ಅಂತ ಗೊತ್ತಾದ್ರೆ ಅವರ ಹೆಸರಲ್ಲೇ ಕೇಸ್ ಹಾಕ್ಬೇಡಿ, ವಾರಸುದಾರರನ್ನ ಎದುರುದಾರರಾಗಿ ಮಾಡಿ. ನೋಟಿಸ್ "ಈ ವಿಳಾಸದಲ್ಲಿ ಇಲ್ಲ" ಅಂತ ವಾಪಸ್ ಬಂದ್ರೆ ಸುಮ್ನಿರ್ಬೇಡಿ, ಹೊಸ ಅಡ್ರೆಸ್ ಕೊಟ್ಟು ಪಿಎಫ್ (ನೋಟಿಸ್ ಕಳಿಸೋ ಪ್ರೋಸೆಸ್ ಫೀ) ಕಟ್ಟಿ, ಕೊನೆಗೆ ಪೇಪರ್ ಪಬ್ಲಿಕೇಶನ್ ಕೇಳಿ, ಸ್ಟೆಪ್ಸ್ ತಗೊಂಡಿಲ್ಲ ಅಂತ ಆ ಎದುರುದಾರನ ಮಟ್ಟಿಗೆ ಕೇಸ್ ವಜಾ ಆದ್ರೆ ಮತ್ತೆ ಎಬ್ಬಿಸೋದು ದೊಡ್ಡ ತಲೆನೋವು. ಹಾಗೇ ನೋಟಿಸ್ ಜಾರಿ ಆಗ್ತಿಲ್ಲ ಅಂತ ಬೇಜಾರಾಗಿ ಮೆಮೊ ಹಾಕಿ ಓನರನ್ನ ಡಿಲೀಟ್ ಮಾಡಿಸೋ ಐಡಿಯಾ ಯಾರಾದ್ರೂ ಕೊಟ್ರೆ ಒಪ್ಪಬೇಡಿ. ಇನ್ಶೂರೆನ್ಸ್ ಕಂಪನಿ ದುಡ್ಡು ಕಟ್ಟೋದು ಓನರ್ ಪರವಾಗಿ, ಓನರೇ ಇಲ್ಲ ಅಂದ್ರೆ ಅವರು ಅದನ್ನೇ ಹಿಡ್ಕೊಂಡು ಕೂರ್ತಾರೆ.

ಗಾಡಿ ಯಾವುದು ಅಂತಲೇ ಗೊತ್ತಿಲ್ಲದಿದ್ರೆ

ಎಫ್‌ಐಆರ್‌ನಲ್ಲಿ "ಅಪರಿಚಿತ ವಾಹನ" ಅಂತಿದ್ದು, ಆಮೇಲೆ ಸಿಸಿಟಿವಿ ನೋಡಿಯೋ ಸಾಕ್ಷಿ ಹೇಳಿಯೋ ಗಾಡಿ ಸಿಕ್ರೆ, ಇನ್ಶೂರೆನ್ಸ್‌ನವರು ಗಾಡಿ ತಂದು ಕೂರಿಸಿದ್ದಾರೆ ಅಂತ ವಾದ ಮಾಡೇ ಮಾಡ್ತಾರೆ, ಸುಳ್ಳು ಕೇಸ್‌ಗಳೂ ಇರೋದ್ರಿಂದ ಅವರ ಅನುಮಾನ ಪೂರ್ತಿ ತಪ್ಪೂ ಅಲ್ಲ. ಇದಕ್ಕೆ ಗಾಡಿ ಹೇಗೆ ಸಿಕ್ತು ಅನ್ನೋ ದಾರಿ ಕಾಗದದ ಮೇಲೆ ಇರಬೇಕು: ಮರು ಹೇಳಿಕೆ ತಾರೀಖು, ಸಾಕ್ಷಿ ಹೇಳಿಕೆ, ಸಿಸಿಟಿವಿ ಪೆನ್‌ಡ್ರೈವ್ ಸೀಜ್ ಮಾಡಿದ ಮಹಜರ್. ಸಿಸಿಟಿವಿ ಫುಟೇಜ್ ಹೆಚ್ಚು ದಿನ ಇಟ್ಕೊಳ್ಳಲ್ಲ, ಅಂಗಡಿಯವರು ಪೆಟ್ರೋಲ್ ಬಂಕಿನವರ ಹತ್ರ ಮೊದಲ ವಾರವೇ ಹೋಗಿ. ದೂರು ಕೊಡೋದು ನಾಲ್ಕು ದಿನ ತಡ ಆಯ್ತು ಅನ್ನೋದೊಂದೇ ಕಾರಣಕ್ಕೆ ಕ್ಲೈಮ್ ಬೀಳಲ್ಲ, 2011ರ ರವಿ ವರ್ಸಸ್ ಬದ್ರಿನಾರಾಯಣ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಹೇಳಿದೆ, ಆಸ್ಪತ್ರೆಲಿ ಓಡಾಡ್ತಿರೋರು ಮೊದಲು ಜೀವ ಉಳಿಸ್ತಾರೆ, ಸ್ಟೇಷನ್‌ಗೆ ಆಮೇಲೆ ಹೋಗ್ತಾರೆ. ಆದ್ರೆ ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಾಗೋ ಗಾಯಗಳನ್ನ ಬರೆಯೋ) ರಿಜಿಸ್ಟರ್‌ನಲ್ಲಿ ಮೊದಲ ದಿನ ಏನು ಬರೆಸಿದ್ರಿ ಅನ್ನೋದು ಬಹಳ ಮುಖ್ಯ. ಗಾಬರಿಲಿ "ಬೈಕಿಂದ ಬಿದ್ರು" ಅಂತ ಬರೆಸಿಬಿಟ್ರೆ ಆಮೇಲೆ ಕಾರು ಗುದ್ದಿತ್ತು ಅಂತ ಒಪ್ಪಿಸೋದು ಕಷ್ಟ.

ಗಾಡಿ ಸಿಗ್ಲೇ ಇಲ್ಲ ಅಂದ್ರೆ ಹಿಟ್ ಅಂಡ್ ರನ್ ಸ್ಕೀಮ್ ಇದೆ, 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ. ಇದು ಟ್ರಿಬ್ಯುನಲ್‌ಗೆ ಹೋಗಲ್ಲ, ಆಕ್ಸಿಡೆಂಟ್ ಆದ ತಾಲ್ಲೂಕಿನ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಆಫೀಸಲ್ಲಿ ಫಾರಂ 1 ಕೊಡೋದು, ಅವರು ವಿಚಾರಣೆ ಮಾಡಿ ಡಿಸಿಗೆ ಕಳಿಸ್ತಾರೆ. ಒಂದು ತಿಂಗಳಾದ್ರೂ ಗಾಡಿ ಪತ್ತೆ ಆಗದಿದ್ರೆ ಈ ಸ್ಕೀಮ್ ಇದೆ ಅಂತ ಪೊಲೀಸರೇ ಲಿಖಿತವಾಗಿ ತಿಳಿಸ್ಬೇಕು ಅಂತ 2024ರ ಜನವರಿಲಿ ಸುಪ್ರೀಂ ಕೋರ್ಟ್ ಹೇಳಿದೆ, ತಿಳಿಸದಿದ್ರೆ ನೀವೇ ಕೇಳಿ. ಈ ದುಡ್ಡು ತಗೊಂಡ್ಮೇಲೆ ಗಾಡಿ ಪತ್ತೆ ಆದ್ರೂ 166ರ ಕೆಳಗೆ ಕ್ಲೈಮ್ ಹಾಕಬಹುದು, ಅಲ್ಲಿ ಪರಿಹಾರ ಬಂದಾಗ ಮುಂಚೆ ತಗೊಂಡಿದ್ದನ್ನ ಅದರಲ್ಲಿ ಕಳೀತಾರೆ, ಅಷ್ಟೇ. ಹಾಗಾಗಿ ಸ್ಕೀಮ್ ದುಡ್ಡು ಬಂತು ಅಂತ ಸ್ಟೇಷನ್ ಕಡೆ ಹೋಗೋದು ನಿಲ್ಲಿಸ್ಬೇಡಿ, ತನಿಖೆ ಎಲ್ಲಿಗೆ ಬಂತು ಅಂತ ತಿಂಗಳಿಗೊಮ್ಮೆ ಕೇಳ್ತಾ ಇರಿ.